ಹಿಮದ ಮೇಲೆ ಸಿಪಾಯಿಗಳ ಪಂದ್ಯ

ಕಳೆದ ತಿಂಗಳು ನಮ್ಮ ವಾಚನಾಲಯದ ಮೇಜಿನ ಮೇಲಿದ್ದ ಒಂದು ಪತ್ರಿಕೆಯ ಚಿತ್ರವನ್ನು ತೋರಿಸಿ, ಖಡಕಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಮಿತ್ರರೊಬ್ಬರು ಕೇಳಿದರು: “ಮಾಸ್ತರ, ಇಂವ ಕಾಲಿಗೆ ಹಲಗಿ ಕಟ್ಕೊಂಡು ಬರ್ಫಿನ ಮ್ಯಾಲೆ ಜಾರಾಕತ್ತಾನ, ಅದು ಖರೆ. ಬೆನ್ನಿಗೆ ಬಂದೂಕ ಯಾಕ್ರಿ? ಇದು ಆಟನೋ ಲಡಾಯಿನೋ?”

ಒಳ್ಳೆಯ ಪ್ರಶ್ನೆ. ಎರಡೂ ಹೌದು ಎಂಬುದೇ ಇದಕ್ಕೆ ಉತ್ತರ. ಹಿಮದ ಮೇಲಿನ ಈ ಓಟ ಲಡಾಯಿಯಿಂದ ಹುಟ್ಟಿ ಆಟವಾಗಿ ಬೆಳೆದದ್ದು. ಬಿಸಿಲು ನಾಡಿನಿಂದ ಬಂದು ಪುಣೆಯ ಡಿಸೆಂಬರ್ ಚಳಿಗೇ ಮಫ್ಲರ್ ಸುತ್ತಿಕೊಳ್ಳುವ ನಮಗೆ ಇದು ಬಹು ದೂರದ ವಿಷಯವೆಂದು ತೋರಬಹುದು. ಆದರೆ ಭಾರತದ ಸಿಪಾಯಿಗೆ ಹಿಮದ ಮೇಲೆ ನಡೆಯುವುದನ್ನು ಕಲಿಸಲೆಂದು ಸ್ವತಂತ್ರ ಭಾರತದಲ್ಲಿ ಶಾಲೆ ತೆರೆದವರು ಮಡಿಕೇರಿಯಲ್ಲಿ ಹುಟ್ಟಿದವರು. ಮುಂದೆ 1955ರಲ್ಲಿ ಅವರು ನಮ್ಮ ಈ ಪುಣೆಯ ದಂಡಿಗೇ ಸದರ್ನ್ ಕಮಾಂಡಿನ ಮುಖ್ಯಸ್ಥರಾಗಿ ಬಂದರು. ಅವರೇ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ.

ಮೊದಲು ಆ ಹಲಗೆಯ ವಿಚಾರ. ಅದಕ್ಕೆ ಸ್ಕೀ ಎಂದು ಹೆಸರು. ನಮ್ಮ ಭಾಷೆಯಲ್ಲಿ ಬೆಳಗಿನ ಇಬ್ಬನಿಗೂ ಮಂಜು, ಕೊಡಗಿನ ಗುಡ್ಡದ ಮೇಲೆ ಕವಿಯುವ ಮುಸುಕಿಗೂ ಮಂಜು, ಹಿಮಾಲಯದಲ್ಲಿ ಬೀಳುವುದಕ್ಕೂ ಮಂಜು. ಹಿಮವನ್ನು ಕಾಣದ ಜನಕ್ಕೆ ಒಂದೇ ಮಾತು ಸಾಕಾಗಿತ್ತು. ಹೊಸದಾಗಿ ಬಿದ್ದ ಹಿಮ ಹತ್ತಿಯ ರಾಶಿಯಂತೆ. ಕಾಲಿಟ್ಟರೆ ಮೊಣಕಾಲಿನವರೆಗೆ, ಕೆಲವು ಕಡೆ ಸೊಂಟದವರೆಗೆ ಹೂತುಹೋಗುತ್ತದೆ. 70 ಕಿಲೋ ತೂಕದ ಮನುಷ್ಯನ ಎರಡು ಬೂಟುಗಳ ಅಡಿಭಾಗ ಸುಮಾರು 500 ಚದರ ಸೆಂಟಿಮೀಟರು ಎಂದಿಟ್ಟುಕೊಳ್ಳಿ. ಅವನಿಗೆ 2 ಮೀಟರು ಉದ್ದ, 7 ಸೆಂಟಿಮೀಟರು ಅಗಲದ ಎರಡು ಹಲಗೆಗಳನ್ನು ಕಟ್ಟಿದರೆ ಅಡಿಭಾಗ 2,800 ಚದರ ಸೆಂಟಿಮೀಟರಾಗುತ್ತದೆ. ತೂಕ ಅಷ್ಟೇ, ಆದರೆ ಹಿಮದ ಮೇಲೆ ಬೀಳುವ ಒತ್ತಡ ಐದನೆಯ ಒಂದು ಪಾಲಿಗಿಂತಲೂ ಕಡಿಮೆ. ಆದ್ದರಿಂದ ಅವನು ಹೂಳುವುದಿಲ್ಲ, ಜಾರುತ್ತಾನೆ. ಏರು ಹತ್ತುವಾಗ ಹಿಂದಕ್ಕೆ ಜಾರದಂತೆ ಹಲಗೆಯ ಅಡಿಗೆ ಒರಟು ರೋಮದ ಪಟ್ಟಿ ಕಟ್ಟುತ್ತಾರೆ. ಇಳಿಯುವಾಗ ಅದನ್ನು ಬಿಚ್ಚಿ, ಮೇಣ ಸವರಿದ ಹಲಗೆಯ ಮೇಲೆ ಇಳಿಯುತ್ತಾರೆ. ಉಪಾಯ ಇಷ್ಟೇ. ಆದರೆ ಹೊರೆ ಹೊತ್ತು, ಗಾಳಿಗೆ ಎದುರಾಗಿ, ಕೈಬೆರಳು ಮರಗಟ್ಟಿದಾಗ ಇದನ್ನು ಮಾಡುವುದು ಒಂದು ದಿನದಲ್ಲಿ ಬರುವ ವಿದ್ಯೆಯಲ್ಲ.

ತಿಮ್ಮಯ್ಯನವರಿಗೆ ಈ ವಿದ್ಯೆಯ ಅಗತ್ಯ ತಿಳಿದದ್ದು ಪುಸ್ತಕದಿಂದಲ್ಲ. 1906ರಲ್ಲಿ ಹುಟ್ಟಿ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟಿನಲ್ಲಿ ತರಬೇತಾಗಿ, ಬರ್ಮಾದ ಅರಕಾನ್ ಕಾಡಿನಲ್ಲಿ ಜಪಾನೀಯರೊಡನೆ ಹೋರಾಡಿದವರು ಅವರು. ಮಳೆ, ಜಿಗಣೆ, ಕಾಡು ಇವು ಕೊಡಗಿನವರಿಗೆ ಹೊಸತಲ್ಲ. 1948ರಲ್ಲಿ ಕಾಶ್ಮೀರದ 19ನೆಯ ಇನ್‌ಫೆಂಟ್ರಿ ಡಿವಿಜನ್ನಿನ ಅಧಿಪತ್ಯ ಅವರಿಗೆ ಬಂದಾಗ ಎದುರಿಗೆ ನಿಂತದ್ದು ಬೇರೆಯೇ ಶತ್ರು. ಲಡಾಖಿನ ಲೇಹ್ ಪಟ್ಟಣ ಮುತ್ತಿಗೆಯ ಭಯದಲ್ಲಿತ್ತು. ಶ್ರೀನಗರದಿಂದ ಅಲ್ಲಿಗೆ ಹೋಗುವ ದಾರಿ ಜೋಜಿ ಲಾ ಕಣಿವೆಯ ಮೂಲಕ. ಅದರ ಎತ್ತರ ಸುಮಾರು 11,500 ಅಡಿ. ಅದೇ ವರ್ಷದ ಫೆಬ್ರುವರಿಯಲ್ಲಿ, ಯಾರೂ ದಾಟಲಾರರೆಂದುಕೊಂಡ ಸಮಯದಲ್ಲಿ, ಮೇಜರ್ ಪೃಥೀ ಚಂದ್ ಸುಮಾರು ನಲವತ್ತು ಜನ ಸ್ವಯಂಸೇವಕ ಸಿಪಾಯಿಗಳೊಡನೆ ಆ ಕಣಿವೆಯನ್ನು ಹಿಮದಲ್ಲೇ ದಾಟಿ ಮಾರ್ಚ್ 8ರಂದು ಲೇಹ್ ಮುಟ್ಟಿದ್ದರು. ಅವರಲ್ಲಿ ಬಹುಮಂದಿ ಲಾಹೌಲಿನ ಬೆಟ್ಟದ ಮಕ್ಕಳು. ಹಿಮ ಅವರ ಮನೆಯಂಗಳ. ಆದರೆ ಒಂದು ದೇಶದ ಸೈನ್ಯ ಲಾಹೌಲಿನವರನ್ನಷ್ಟೇ ನಂಬಿ ನಿಲ್ಲಲಾದೀತೆ?

ಮುಂದೆ ಶತ್ರು ಆ ಕಣಿವೆಯನ್ನು ಹಿಡಿದು ಕುಳಿತ. ಸೆಪ್ಟೆಂಬರಿನಲ್ಲಿ ನಡೆದ ಏರುಧಾಳಿ ಫಲಿಸಲಿಲ್ಲ. ಚಳಿಗಾಲ ಬಂದರೆ ಲೇಹ್ ಕೈತಪ್ಪುವುದು ಖಂಡಿತ. ಆಗ ಟ್ಯಾಂಕುಗಳನ್ನು ಅಲ್ಲಿಗೆ ಹತ್ತಿಸುವುದೆಂದು ನಿಶ್ಚಯವಾಯಿತು. 7ನೆಯ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಮೇಲಿನ ಗೋಪುರ ಕಳಚಿ, ಗುಟ್ಟಾಗಿ ಶ್ರೀನಗರಕ್ಕೆ ಸಾಗಿಸಿ, ಬಾಲ್ಟಾಲಿನವರೆಗೆ ತಂದರು. ಅಲ್ಲಿಂದ ಮೇಲಕ್ಕೆ ಹೇಸರಗತ್ತೆಗಳು ನಡೆಯುವ ದಾರಿಯನ್ನು ಟ್ಯಾಂಕು ಹೋಗುವಂತೆ ಅಗಲಿಸಿದವರು ಮದ್ರಾಸ್ ಸ್ಯಾಪರ್ಸ್ ಪಡೆಯವರು. ಅವರ ಕೇಂದ್ರ ಬೆಂಗಳೂರಿನ ಹಲಸೂರು ಕೆರೆಯ ಬಳಿ ಇದೆ, ನಮ್ಮಲ್ಲಿ ಹಲವರು ನೋಡಿಯೇ ಇರುತ್ತಾರೆ. ಕೆಟ್ಟ ಹವೆಯಿಂದ ಅಕ್ಟೋಬರ್ ಪೂರ್ತಿ ಕಾದು, ನವೆಂಬರ್ 1ರಂದು ಟ್ಯಾಂಕುಗಳು ಹಿಮದ ನಡುವೆ ಕಣಿವೆಯನ್ನು ಹೊಕ್ಕವು. ಅಷ್ಟು ಎತ್ತರದಲ್ಲಿ ಟ್ಯಾಂಕನ್ನು ನಿರೀಕ್ಷಿಸಿರದ ಶತ್ರು ಬೆಚ್ಚಿ ಹಿಂದೆಗೆದ. ತಿಂಗಳು ಮುಗಿಯುವುದರೊಳಗೆ ಕಾರ್ಗಿಲ್ ನಮ್ಮ ಕೈಗೆ ಬಂತು.

ಗೆದ್ದವರು ಸಾಮಾನ್ಯವಾಗಿ ಗೆಲುವನ್ನು ಹೇಳಿಕೊಂಡು ಕೂರುತ್ತಾರೆ. ತಿಮ್ಮಯ್ಯನವರು ಹಾಗೆ ಕೂರಲಿಲ್ಲ. ಕಾರ್ಗಿಲ್ ಸೇರಿದ ಮರು ತಿಂಗಳೇ, 1948ರ ಡಿಸೆಂಬರಿನಲ್ಲಿ, ಗುಲ್ಮಾರ್ಗದ ಹುಲ್ಲುಗಾವಲಿನಲ್ಲಿ ತಮ್ಮ ಡಿವಿಜನ್ನಿಗೆ ಒಂದು ಸ್ಕೀ ಶಾಲೆ ತೆರೆದರು. ಗುಲ್ಮಾರ್ಗದಲ್ಲಿ ಸ್ಕೀ ಆಟ ಮೊದಲೇ ಇತ್ತು. ಬ್ರಿಟಿಷ್ ಅಧಿಕಾರಿಗಳು 1927ರಲ್ಲಿ ಅಲ್ಲಿ ಸ್ಕೀ ಕ್ಲಬ್ಬನ್ನು ಕಟ್ಟಿದ್ದರು. ಆದರೆ ಅದು ಸಾಹೇಬರ ರಜೆಯ ಮೋಜು. ಅದೇ ಇಳಿಜಾರಿನಲ್ಲಿ ಬಯಲುಸೀಮೆಯ, ಕರಾವಳಿಯ, ಮರುಭೂಮಿಯ ಹುಡುಗರನ್ನು ನಿಲ್ಲಿಸಿ ಹಲಗೆ ಕಟ್ಟಿಸಿದ್ದು ಈ ಶಾಲೆ. ಮುಂದೆ ಅದು ಚಳಿಗಾಲದ ಯುದ್ಧಶಾಲೆಯಾಗಿ, 1962ರಲ್ಲಿ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಎಂಬ ಈಗಿನ ಹೆಸರನ್ನು ಪಡೆಯಿತು.

ಶಾಲೆ ಸರಿ, ಪಂದ್ಯ ಏಕೆ ಎಂದು ನಮ್ಮ ಮಿತ್ರರು ಕೇಳಬಹುದು. ಸಿಪಾಯಿಗೆ ಕಲಿಸಿದ ವಿದ್ಯೆ ನಿಂತಿದೆಯೋ ಇಲ್ಲವೋ ಎಂದು ಶಾಂತಿಕಾಲದಲ್ಲಿ ನೋಡಲು ಪಂದ್ಯಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಇದನ್ನು ಮೊದಲು ಕಂಡುಕೊಂಡವರು ನಾರ್ವೆಯವರು. ಅಲ್ಲಿಯ ಸ್ಕೀ ಪಡೆಗಳಿಗೆ 1733ರಲ್ಲಿಯೇ ಕವಾಯತಿನ ಕೈಪಿಡಿ ಸಿದ್ಧವಾಗಿತ್ತು. ಆ ಸೈನ್ಯದಲ್ಲಿ ಆಗ ಆಜ್ಞೆಯ ಭಾಷೆ ಜರ್ಮನ್ ಆದ್ದರಿಂದ ಕೈಪಿಡಿಯೂ ಜರ್ಮನಿನಲ್ಲಿತ್ತು ಎಂಬುದು ಒಂದು ವಿನೋದ. 1767ರಲ್ಲಿ ಅವರು ಸಿಪಾಯಿಗಳಿಗೆ ಬಹುಮಾನದ ಪಂದ್ಯಗಳನ್ನು ಏರ್ಪಡಿಸಿದರು: ಇಳಿಜಾರಿನಲ್ಲಿ ಜಾರುತ್ತಲೇ ನಲವತ್ತು ಐವತ್ತು ಹೆಜ್ಜೆ ದೂರದ ಗುರಿಗೆ ಗುಂಡು ಹೊಡೆಯುವುದು, ಪೊದೆಗಳ ನಡುವೆ ಬೀಳದೆ ಇಳಿಯುವುದು, ಕೋಲಿಗೆ ಒರಗದೆ ಕಡಿದಾದ ಗುಡ್ಡ ಇಳಿಯುವುದು, ಮತ್ತು ಪೂರ್ಣ ಸಾಮಾನು, ಬಂದೂಕು ಹೊತ್ತು ಸಮನೆಲದಲ್ಲಿ ಓಡುವುದು. ಚಿತ್ರದಲ್ಲಿಯ ಮನುಷ್ಯನ ಬೆನ್ನಿನ ಬಂದೂಕಿಗೆ ಮೂಲ ಇಲ್ಲಿದೆ.

ಜರ್ಮನ್ ಸೈನ್ಯ ಈ ವಿದ್ಯೆಗೆ ತಡವಾಗಿ ಬಂತು. 1888ರಲ್ಲಿ ನಾರ್ವೆಯ ನಾನ್ಸೆನ್ ಎಂಬ ಸಾಹಸಿ ಗ್ರೀನ್‌ಲೆಂಡನ್ನು ಸ್ಕೀ ಮೇಲೆ ದಾಟಿದ ಕಥೆ ಜರ್ಮನಿಯ ತರುಣರನ್ನು ಮರುಳುಮಾಡಿತು. ಬ್ಲ್ಯಾಕ್ ಫಾರೆಸ್ಟ್ ಗುಡ್ಡಗಳಲ್ಲಿ ಸ್ಕೀ ಸಂಘಗಳು ಹುಟ್ಟಿದವು. 1890ರ ದಶಕದಲ್ಲಿ ಹಾರ್ಜ್ ಗುಡ್ಡದ ಬುಡದ ಗೋಸ್ಲಾರಿನಲ್ಲಿದ್ದ ಪದಾತಿ ಪಡೆಯೊಂದು ಹಲಗೆಗಳನ್ನು ಪ್ರಯೋಗಿಸಿ ನೋಡಿತು. ಮೊದಲನೆಯ ಮಹಾಯುದ್ಧದ ಆರಂಭದ ಚಳಿಗಾಲದಲ್ಲಿ ಬವೇರಿಯದಲ್ಲಿ ಸ್ಕೀ ಬೆಟಾಲಿಯನ್ನು ಕಟ್ಟಿ, ಫ್ರಾನ್ಸಿನ ಗಡಿಯ ವೋಜ್ ಪರ್ವತಗಳಿಗೆ ಕಳಿಸಿದರು. 1915ರಲ್ಲಿ ಪರ್ವತ ಯುದ್ಧಕ್ಕಾಗಿಯೇ ಆಲ್ಪೆನ್‌ಕೋರ್ ಎಂಬ ದೊಡ್ಡ ದಳ ಹುಟ್ಟಿತು.

ಯುದ್ಧ ಮುಗಿದ ಮೇಲೆ ಯೂರೋಪಿನ ಸೈನ್ಯಗಳು ಹಿಮದಲ್ಲಿ ಪಂದ್ಯಕ್ಕೆ ಇಳಿದವು. ಅದಕ್ಕೆ ಮಿಲಿಟರಿ ಪೆಟ್ರೋಲ್, ಅಂದರೆ ಗಸ್ತು ಪಂದ್ಯ, ಎಂದು ಹೆಸರು. ಇದರ ಕಟ್ಟಳೆ ನನಗೆ ಬಹಳ ಹಿಡಿಸಿದೆ. ತಂಡದಲ್ಲಿ ನಾಲ್ವರು: ಒಬ್ಬ ಅಧಿಕಾರಿ, ಒಬ್ಬ ಕೆಳದರ್ಜೆಯ ನಾಯಕ, ಇಬ್ಬರು ಸಾಮಾನ್ಯ ಸಿಪಾಯಿಗಳು. ಬೆನ್ನಿಗೆ ಹೊರೆ, ದಾರಿ ಇಪ್ಪತ್ತೈದು ಮೂವತ್ತು ಕಿಲೋಮೀಟರು. ಅಧಿಕಾರಿಗೆ ಪಿಸ್ತೂಲು ಮಾತ್ರ, ಅವನು ಗುರಿ ಹೊಡೆಯುವಂತಿಲ್ಲ. ಹೊಡೆಯಬೇಕಾದವರು ಕೈಕೆಳಗಿನ ಮೂವರು. ನಾಲ್ವರೂ ಒಟ್ಟಿಗೆ ಹೊರಟು ಒಟ್ಟಿಗೆ ಮುಟ್ಟಬೇಕು. ಚುರುಕಾದವನೊಬ್ಬ ಮುಂದೆ ಓಡಿದರೆ ಉಪಯೋಗವಿಲ್ಲ, ಹಿಂದೆ ಬಿದ್ದವನಿಗಾಗಿ ಕಾಯಲೇಬೇಕು. ಆದ್ದರಿಂದ ತಂಡದ ವೇಗ ಅದರಲ್ಲಿಯ ಅತಿ ನಿಧಾನದವನ ವೇಗವೇ. ನಮ್ಮ ಕಾರ್ಖಾನೆಗಳಲ್ಲಿ ಸರದಿಯಲ್ಲಿ ಮಾಲು ಮುಂದೆ ಸಾಗಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1924ರಲ್ಲಿ ಫ್ರಾನ್ಸಿನ ಶಾಮೊನಿಯಲ್ಲಿ ನಡೆದ ಮೊದಲನೆಯ ಚಳಿಗಾಲದ ಒಲಿಂಪಿಕ್ಸಿನಲ್ಲಿ ಈ ಪಂದ್ಯವನ್ನು ಸ್ವಿಟ್ಜರ್ಲೆಂಡ್ ಗೆದ್ದಿತು. ಸೋತ ದೇಶವಾದ ಜರ್ಮನಿಗೆ ಅಲ್ಲಿಗೆ ಆಹ್ವಾನವೇ ಇರಲಿಲ್ಲ. 1928ರಲ್ಲಿ ನಾರ್ವೆ ಗೆದ್ದಿತು. 1936ರ ಫೆಬ್ರುವರಿಯಲ್ಲಿ ಜರ್ಮನಿಯೇ ಯಜಮಾನ. ಸ್ಥಳ ಬವೇರಿಯದ ಗಾರ್ಮಿಶ್. ಹಿಟ್ಲರನ ಆಡಳಿತಕ್ಕೆ ಅದು ಜಗತ್ತಿಗೆ ತನ್ನ ಶಿಸ್ತನ್ನು ತೋರಿಸುವ ಜಾತ್ರೆ. ಮನೆಯ ಹಿಮ, ಮನೆಯ ಗುಡ್ಡ. ಜರ್ಮನ್ ತಂಡ ಗೆದ್ದೇ ಗೆಲ್ಲುವುದೆಂದು ಅಲ್ಲಿಯ ಜನ ಆಸೆಪಟ್ಟಿದ್ದರೆ ಆಶ್ಚರ್ಯವಿಲ್ಲ. ಗೆದ್ದದ್ದು ಇಟಲಿ, ಫಿನ್ಲೆಂಡಿಗಿಂತ ಕೇವಲ 14 ಸೆಕೆಂಡು ಮುಂದೆ. ಜರ್ಮನಿಗೆ ಐದನೆಯ ಸ್ಥಾನ. ಕ್ರೀಡೆ ಮುಗಿದು ಮೂರು ವಾರದೊಳಗೆ ಅದೇ ಸೈನ್ಯ ಒಪ್ಪಂದ ಮುರಿದು ರೈನ್‌ಲ್ಯಾಂಡಿಗೆ ನುಗ್ಗಿತು.

ಇನ್ನು ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ. ಜರ್ಮನಿಯ ಪರ್ವತ ಪಡೆಗಳು ನುರಿತವು, ಅದರಲ್ಲಿ ಸಂಶಯವಿಲ್ಲ. ಆದರೆ 1941ರ ಜೂನ್ 22ರಂದು ರಷ್ಯದ ಮೇಲೆ ಬಿದ್ದಾಗ ಅವರ ಸೇನಾಪತಿಗಳು ಚಳಿಗಾಲಕ್ಕೆ ಮುಂಚೆಯೇ ಯುದ್ಧ ಮುಗಿಯುವುದೆಂದು ಲೆಕ್ಕ ಹಾಕಿದ್ದರು. ಬೆಚ್ಚನೆಯ ಬಟ್ಟೆ, ಗೆದ್ದ ಮೇಲೆ ಕಾವಲಿಗೆ ಉಳಿಯುವ ಅಷ್ಟಿಷ್ಟು ಸೈನ್ಯಕ್ಕೆ ಮಾತ್ರವೆಂದು ಎಣಿಸಿದ್ದರು. ಡಿಸೆಂಬರಿನಲ್ಲಿ ಮಾಸ್ಕೋ ಹೊರವಲಯದಲ್ಲಿ ಉಷ್ಣಮಾನ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿಳಿಯಿತು. ಸಾಮಾನ್ಯ ಸಿಪಾಯಿ ಬೇಸಿಗೆಯ ಬಟ್ಟೆಯಲ್ಲಿ, ಮೊಳೆ ಬಡಿದ ಬೂಟಿನಲ್ಲಿ ನಿಂತಿದ್ದ. ಆ ಮೊಳೆಗಳ ಮೂಲಕವೇ ಚಳಿ ಪಾದಕ್ಕೆ ಹರಿಯುತ್ತಿತ್ತು. ಡಿಸೆಂಬರ್ 5ರಂದು ರಷ್ಯನರು ತಿರುಗಿಬಿದ್ದರು. ಬಿಳಿ ಅಂಗಿಯ ಅವರ ಸ್ಕೀ ಬೆಟಾಲಿಯನ್ನುಗಳು ರಸ್ತೆಯ ಹಂಗಿಲ್ಲದೆ ಹಿಂದಿನಿಂದ ಬಂದವು. ಜರ್ಮನರಲ್ಲಿ ಹಿಮದಿಂದ ಕೈಕಾಲು ಕೊಳೆತವರ ಎಣಿಕೆ ಲಕ್ಷ ದಾಟಿತು. ಆಮೇಲೆ ರೇಡಿಯೋದಲ್ಲಿ ಜನರನ್ನು ಬೇಡಿ ತುಪ್ಪಟದ ಕೋಟು, ಸ್ಕೀ ಹಲಗೆಗಳನ್ನು ಮನೆಮನೆಯಿಂದ ಕೂಡಿಸಿದರು. ಸ್ಕೀ ಪಡೆಯ ಬ್ರಿಗೇಡನ್ನು ಕಟ್ಟಿದ್ದು 1943ರಲ್ಲಿ. ಐದನೆಯ ಸ್ಥಾನದ ಬದಲು ಗಾರ್ಮಿಶಿನಲ್ಲಿ ಮೊದಲ ಸ್ಥಾನ ಬಂದಿದ್ದರೂ ಇದು ತಪ್ಪುತ್ತಿರಲಿಲ್ಲ. ಪಂದ್ಯಕ್ಕೆ ನಾಲ್ವರು ಸಾಕು; ಚಳಿ ಪ್ರತಿಯೊಬ್ಬನನ್ನೂ ಪರೀಕ್ಷಿಸುತ್ತದೆ.

ಇದನ್ನು ಬೇರೆಯವರ ಕಥೆಯೆಂದು ಓದಿ ನಗುವ ಹಾಗಿಲ್ಲ. ಗುಲ್ಮಾರ್ಗದ ಶಾಲೆಗೆ ಹೊಸ ಹೆಸರು ಬಂದ 1962ರಲ್ಲೇ, ಅಕ್ಟೋಬರ್ ತಿಂಗಳಲ್ಲಿ, ಈಶಾನ್ಯ ಗಡಿಯ ಥಾಗ್ ಲಾ ಬೆಟ್ಟಸಾಲಿನ ಕೆಳಗೆ ನಮ್ಮ ಸಿಪಾಯಿಗಳು ಹತ್ತಿಯ ಬಟ್ಟೆ, ಕ್ಯಾನ್ವಾಸ್ ಬೂಟು ಹಾಕಿಕೊಂಡು ಚೀನೀಯರಿಗೆ ಎದುರಾಗಿ ನಿಂತಿದ್ದರು. ತಿಮ್ಮಯ್ಯನವರು ಹಿಂದಿನ ವರ್ಷ ನಿವೃತ್ತರಾಗಿದ್ದರು. ಶಾಲೆ ಇತ್ತು, ವಿದ್ಯೆ ಇತ್ತು. ಅದು ಆ ಬೆಟ್ಟದ ಸಿಪಾಯಿಯ ಮೈಮೇಲಿನ ಕೋಟಾಗಿ ತಲಪಿರಲಿಲ್ಲ. ಆ ಯುದ್ಧದ ನಂತರವೇ ಪರ್ವತ ಡಿವಿಜನ್ನುಗಳು, ಅವಕ್ಕೆ ತಕ್ಕ ಉಡುಪು, ಎತ್ತರಕ್ಕೆ ಮೆಲ್ಲಮೆಲ್ಲನೆ ಮೈ ಒಗ್ಗಿಸುವ ಕ್ರಮ ಇವೆಲ್ಲ ದೊಡ್ಡ ಪ್ರಮಾಣದಲ್ಲಿ ಬಂದವು.

ಬಂದ ಮೇಲೂ ಹಿಮ ತನ್ನ ಕಪ್ಪವನ್ನು ಬಿಟ್ಟಿಲ್ಲ. 2010ರ ಫೆಬ್ರುವರಿ 8ರಂದು ಆ ಶಾಲೆಯಲ್ಲೇ ತರಬೇತಿಯಲ್ಲಿದ್ದ ಸೈನಿಕರ ಮೇಲೆ ಖಿಲನ್‌ಮಾರ್ಗದಲ್ಲಿ ಹಿಮರಾಶಿ ಕುಸಿದು 17 ಜನ ಸತ್ತರು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, 19,000 ಅಡಿಗೂ ಮೇಲಿನ ಠಾಣೆಯೊಂದು ಹಿಮದಡಿ ಹೂತುಹೋಯಿತು. ಅಲ್ಲಿದ್ದ ಹತ್ತು ಮಂದಿಯಲ್ಲಿ ಮೂವರು ನಮ್ಮ ನಾಡಿನವರು: ಹಾಸನದ ನಾಗೇಶ, ಹೆಗ್ಗಡದೇವನಕೋಟೆಯ ಮಹೇಶ, ಧಾರವಾಡ ಜಿಲ್ಲೆ ಬೆಟದೂರಿನ ಹನಮಂತಪ್ಪ ಕೊಪ್ಪದ. ಇನ್ನೊಬ್ಬರು ಇಲ್ಲೇ ನೆರೆಯ ಸಾತಾರೆಯವರು. ಆರು ದಿನದ ಮೇಲೆ ಅಗೆದಾಗ ಹನಮಂತಪ್ಪನವರಲ್ಲಿ ಉಸಿರಿತ್ತು. ಫೆಬ್ರುವರಿ 11ರಂದು ದಿಲ್ಲಿಯಲ್ಲಿ ಅದು ನಿಂತಿತು. ಆ ದಿನಗಳಲ್ಲಿ ಪುಣೆಯ ಕನ್ನಡಿಗರು ಎಷ್ಟು ಮಂದಿ ರೇಡಿಯೋ, ಟೀವಿ ಮುಂದೆ ಕುಳಿತಿದ್ದೆವೆಂಬುದು ನೆನಪಿದೆ. ಅವರು ಕಲಿಯದೆ ಹೋದವರಲ್ಲ. ಕಲಿತವನಿಗೂ ಮುರಿದು ಬೀಳುವ ಗುಡ್ಡದ ಕೆಳಗೆ ಉಪಾಯವಿಲ್ಲ. ಆದರೆ ಹಿಮದ ಸಾವುಗಳಲ್ಲಿ ಎಲ್ಲವೂ ಈ ಜಾತಿಯವಲ್ಲ. ತಪ್ಪು ಬೂಟು, ಒದ್ದೆ ಕಾಲುಚೀಲ, ದಾರಿ ತಪ್ಪಿದ ಗಸ್ತು, ಇವುಗಳಿಂದ ಬರುವ ಸಾವನ್ನು ತಡೆಯಬಹುದು. ಸೈನ್ಯದ ಸ್ಕೀ ಶಾಲೆಗೂ ಪಂದ್ಯಕ್ಕೂ ಕೆಲಸವಿರುವುದು ಅಲ್ಲಿ.

ಪಂದ್ಯದ ಮುಂದಿನ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. ಎರಡನೆಯ ಮಹಾಯುದ್ಧದ ತರುವಾಯ ಸೈನ್ಯದ ವಾಸನೆಯ ಆಟ ಜನಕ್ಕೆ ಬೇಡವಾಯಿತು. ಗಸ್ತು ಪಂದ್ಯ ಒಲಿಂಪಿಕ್ಸಿನಲ್ಲಿ 1948ಕ್ಕೆ ಕೊನೆಗೊಂಡಿತು. ಅದರ ಜಾಗಕ್ಕೆ 1960ರಲ್ಲಿ ಬಯಾತ್ಲಾನ್ ಬಂತು: ಓಡುವವನೂ ಹೊಡೆಯುವವನೂ ಒಬ್ಬನೇ. ನಮ್ಮ ಮಿತ್ರರು ಕಂಡ ಚಿತ್ರ ಇದರದ್ದು. ಆ ಮೊದಲ ವರ್ಷದ ಫಲಿತಾಂಶ ಮಕ್ಕಳಿಗೆ ಹೇಳುವಂಥದು. ಸ್ವೀಡನ್ನಿನ ಲೆಸ್ಟಾಂಡರ್ ಓಟದಲ್ಲಿ ಹದಿನೈದನೆಯವನು. ಆದರೆ ಇಪ್ಪತ್ತು ಗುಂಡಿನಲ್ಲಿ ಇಪ್ಪತ್ತೂ ಗುರಿಗೆ. ಚಿನ್ನ ಅವನಿಗೆ. ಎಲ್ಲರಿಗಿಂತ ವೇಗವಾಗಿ ಓಡಿದ ಫ್ರಾನ್ಸಿನ ಆರ್ಬೆಜ್ ಇಪ್ಪತ್ತರಲ್ಲಿ ಹದಿನೆಂಟು ತಪ್ಪಿಸಿದ. ಒಂದೊಂದು ತಪ್ಪಿಗೂ ಎರಡು ನಿಮಿಷದ ದಂಡ. 1978ರಿಂದ ಸಣ್ಣ ಬಂದೂಕು, 50 ಮೀಟರು ದೂರ ಎಂದಾಗಿದೆ. ಮಲಗಿ ಹೊಡೆಯುವಾಗ ಗುರಿಯ ಅಗಲ 45 ಮಿಲಿಮೀಟರು, ಒಂದು ನಿಂಬೆಹಣ್ಣಿನಷ್ಟು. ಎದೆ ಡವಗುಟ್ಟುತ್ತಿರುವಾಗ ಬಂದೂಕಿನ ತುದಿಯೂ ಕುಣಿಯುತ್ತದೆ. ಉಸಿರು ಹಿಡಿದು, ಎರಡು ಬಡಿತಗಳ ನಡುವೆ ಕೀಲೆಳೆಯಬೇಕು.

ಈ ಆಟದಲ್ಲಿ ಜರ್ಮನರು ಜಗತ್ತಿನ ಮುಂದಾಳುಗಳಾದರು. ಪೂರ್ವ ಜರ್ಮನಿಯಲ್ಲಿ ಓಬರ್‌ಹೋಫಿನ ಸೈನ್ಯದ ಕ್ರೀಡಾಸಂಘದಿಂದ ಬಂದ ಫ್ರಾಂಕ್ ಉಲ್ರಿಶ್ 1980ರಲ್ಲಿ ಒಲಿಂಪಿಕ್ ಚಿನ್ನ ಗೆದ್ದ. ಪಶ್ಚಿಮ ಜರ್ಮನಿಯಲ್ಲಿ 1968ರ ಸಂಸತ್ತಿನ ನಿರ್ಣಯದ ಮೇಲೆ ಸೈನ್ಯದೊಳಗೇ ಕ್ರೀಡಾಪಟುಗಳ ಘಟಕಗಳು ಹುಟ್ಟಿದವು: ಸಂಬಳ ಸೈನ್ಯದ್ದು, ಕೆಲಸ ಅಭ್ಯಾಸದ್ದು. ಆಟವಾಡಿ ಹೊಟ್ಟೆ ತುಂಬದವನಿಗೆ ಒಂದು ಖಾಯಂ ನೌಕರಿ. ನಮ್ಮಲ್ಲಿಯೂ ಇದೇ ದಾರಿ. ಚಾಂದವಡ ತಾಲ್ಲೂಕಿನ ಬರಗಾಲದ ಹಳ್ಳಿಯಿಂದ ಸೈನ್ಯ ಸೇರಿದ ದತ್ತು ಭೋಕನಳ್ ಇದೇ ಪುಣೆಯಲ್ಲಿ ದೋಣಿ ನಡೆಸುವುದನ್ನು ಕಲಿತು 2016ರ ರಿಯೋ ಒಲಿಂಪಿಕ್ಸಿನಲ್ಲಿ ಹದಿಮೂರನೆಯವರಾದುದನ್ನು ನೆನೆದರೆ, ಬಿಸಿಲಿನ ಹುಡುಗನಿಗೆ ಹಿಮ ಕಲಿಸುವುದು ಅಸಾಧ್ಯವಲ್ಲ ಎನಿಸುತ್ತದೆ.

ಗುಲ್ಮಾರ್ಗದ ಶಾಲೆಯಿಂದಲೂ ಹಾಗೆ ಹೋದವರಿದ್ದಾರೆ. ಸೈನಿಕರಾದ ನದೀಮ್ ಇಕ್ಬಾಲ್ 2014ರ ಸೋಚಿಯಲ್ಲಿ, ಜಗದೀಶ್ ಸಿಂಗ್ 2018ರಲ್ಲಿ ಕೊರಿಯಾದಲ್ಲಿ ಭಾರತದ ಪರವಾಗಿ ದೂರದ ಸ್ಕೀ ಓಟ ಓಡಿದರು. ಪದಕದ ಮಾತು ದೂರ, ಓಡಿ ಮುಗಿಸಿದರು. 2020ರಲ್ಲಿ ಆರಂಭವಾದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ 2024ರಲ್ಲೂ 2025ರಲ್ಲೂ ಪದಕಪಟ್ಟಿಯ ಮೇಲಿದ್ದದ್ದು ಸೈನ್ಯದ ತಂಡವೇ.

ಅದೇ ಗುಲ್ಮಾರ್ಗದ ಹಿಮದಲ್ಲಿ ಕರ್ನಾಟಕದ ಹೆಸರಿನಲ್ಲಿ ಓಡಿ ಪದಕ ಗೆದ್ದವರಲ್ಲಿ ಒಬ್ಬರು ತೆಕ್ಕಡ ಭವಾನಿ ನಂಜುಂಡ. ಸಿಪಾಯಿಯಲ್ಲ, ಕೊಡಗಿನ ಹೆಣ್ಣುಮಗಳು. ನಮ್ಮಲ್ಲಿ ಮಳೆಗಾಲವಿರುವಾಗ ಭೂಮಿಯ ದಕ್ಷಿಣಾರ್ಧದಲ್ಲಿ ಚಳಿಗಾಲ. 2025ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋಗಿ, ಅಲ್ಲಿಯ ಹಿಮದ ಮೇಲೆ 5 ಕಿಲೋಮೀಟರಿನ ಅಂತರರಾಷ್ಟ್ರೀಯ ಸ್ಕೀ ಓಟದಲ್ಲಿ ಅವರು ಕಂಚಿನ ಪದಕ ತಂದರು. ಮಡಿಕೇರಿಯಲ್ಲಿ ತಿಮ್ಮಯ್ಯನವರು ಹುಟ್ಟಿದ ಸನ್ನಿಸೈಡ್ ಎಂಬ ಮನೆ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ರಜೆಗೆ ಆ ಕಡೆ ಹೋಗುವವರು ನೋಡಿ ಬರಬಹುದು.